ಸಂಡೂರಿನ ಟ್ರಂಕಿನೊಳಗಿನ 96 ಡಿಸ್ಕುಗಳು

ದಸರಾ ರಜೆಗೆ ನಾವು ಮೂರು ಜನ ಸಂಡೂರಿಗೆ ಹೋಗಿದ್ವಿ. ನಮ್ಮಲ್ಲಿ ಒಬ್ಬನ ಮನೆ ಅಲ್ಲೇ, ಇನ್ನಿಬ್ಬರು ಹೊಸಪೇಟೆ ಮತ್ತು ಕಂಪ್ಲಿಯವರು. ನಾರಿಹಳ್ಳ ಡ್ಯಾಂ ನೋಡೋದು, ಕುಮಾರಸ್ವಾಮಿ ಗುಡಿಗೆ ಹೋಗಿ ಬರೋದು, ಉಳಿದ ದಿನ ಹೊಟ್ಟೆ ತುಂಬ ತಿಂದು ಮಲಗೋದು ಅಂತ ಪ್ಲ್ಯಾನ್ ಇತ್ತು. ಮೊದಲ ರಾತ್ರಿ ಊಟ ಆದ ಮೇಲೆ ಗೆಳೆಯನ ಅಪ್ಪ ಅಟ್ಟದಿಂದ ಒಂದು ತಗಡಿನ ಟ್ರಂಕ್ ಇಳಿಸಿ ನಮ್ಮ ಮುಂದೆ ಇಟ್ಟರು.

"ಇಂಜಿನಿಯರಿಂಗ್ ಓದಾಕತ್ತೀರಲ್ಲಪಾ, ಇವನ್ನೆಲ್ಲ ಟಿವಿಯೊಳಗ ಬರೋ ಹಂಗ ಮಾಡಿಕೊಡ್ರಿ ನೋಡೋಣು. ಪ್ಲೇಯರ್ ಕೆಟ್ಟು ನಾಕು ವರ್ಷ ಆತು."

ಎಣಿಸಿದ್ವಿ. 58 ವಿಸಿಡಿ, 38 ಡಿವಿಡಿ, ಒಟ್ಟು 96. ಹೆಚ್ಚಿನವು ಸಿನಿಮಾ. ನಮ್ಮಲ್ಲಿ ಬಹಳ ಮಂದಿಯ ಮನೆಯಲ್ಲಿ ಇಂಥದ್ದೊಂದು ಟ್ರಂಕೋ ಬಿಸ್ಕೆಟ್ ಡಬ್ಬಿಯೋ ಇದ್ದೇ ಇರುತ್ತೆ. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಿದ ಕಾಲದಲ್ಲಿ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲೂ ಸಿನಿಮಾ ಸಿಗ್ತಿತ್ತು. ಆ ಟ್ರಂಕಿನ ತಳದಲ್ಲಿ ಮಾತ್ರ 11 ಡಿಸ್ಕುಗಳು ಬೇರೆ ಥರ ಇದ್ವು. ಮೇಲೆ ಮಾರ್ಕರ್ ಪೆನ್ನಿನ ಬರಹ: ಚಿಕ್ಕಪ್ಪನ ಮದುವೆ, ಅತ್ತೆಯ ಮದುವೆ, ಯಾರದೋ ಕುಬಸ, ಗೆಳೆಯನದೇ ತೊಟ್ಲ ಕಾರ್ಯ. ಅತ್ತೆಯ ಮದುವೆಯ ಡಿವಿಡಿಯನ್ನ ಎತ್ತಿ ತೋರಿಸಿ ಅವರು ಹೇಳಿದ್ದು ಒಂದೇ ಮಾತು: "ಅರಿಶಿಣದ ದಿನ ನಮ್ಮವ್ವ ಸೋಬಾನ ಪದ ಹಾಡ್ಯಾಳ ಇದರಾಗ. ಆಕಿ ಧ್ವನಿ ಮತ್ತ ಎಲ್ಲೂ ಇಲ್ಲ."

ಆ ಮಾತು ಕೇಳಿಯೂ ನಾವು ಶುರು ಮಾಡಿದ್ದು ಸಿನಿಮಾದಿಂದ! ಮೇಲಕ್ಕೇ ಇತ್ತು ಮಾನಸ ಸರೋವರ. ಪುಟ್ಟಣ್ಣ ಕಣಗಾಲರ 1982ರ ಚಿತ್ರ, ಶ್ರೀನಾಥ್, ಪದ್ಮಾ ವಾಸಂತಿ, ರಾಮಕೃಷ್ಣ ಇರೋದು. ಅದರ ಶೂಟಿಂಗ್ ತಮ್ಮೂರಿನ ಗುಡ್ಡಗಳಲ್ಲೇ ಆಗಿದ್ದು ಅಂತ ಸಂಡೂರಿನಲ್ಲಿ ಯಾರ ಮನೆಗೆ ಹೋದರೂ ಹೇಳ್ತಾರೆ. ಹಾಗಾಗಿ ಆಸೆಗೆ ಅದನ್ನೇ ಮೊದಲು ಹಾಕಿದ್ವಿ. ಒಂದೂವರೆ ದಿನ ಸಿನಿಮಾಗಳಲ್ಲೇ ಹೋಯ್ತು. ಆಮೇಲೆ ತಲೆಗೆ ಹೊಳೆದದ್ದನ್ನ ಇಲ್ಲಿ ಮೊದಲೇ ಬರೆದುಬಿಡ್ತೀವಿ: ಮನೆಯವರು ಮಾಡಿಸಿದ ಡಿಸ್ಕುಗಳನ್ನ ಮೊದಲು ಕಾಪಿ ಮಾಡಿ, ಸಿನಿಮಾ ಆಮೇಲೆ.

ಇದು ಭಾವನೆಯ ಮಾತಷ್ಟೇ ಅಲ್ಲ, ಮೆಟೀರಿಯಲ್ ಸೈನ್ಸ್ ಕೂಡ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕನ್ನ ಕಾರ್ಖಾನೆಯಲ್ಲಿ ಅಚ್ಚು ಒತ್ತಿ ಮಾಡಿರ್ತಾರೆ. ಅದರೊಳಗಿನ ಸೊನ್ನೆ-ಒಂದುಗಳು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನಲ್ಲಿ ಮೂಡಿದ ನಿಜವಾದ ತಗ್ಗುಗಳು. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಬರ್ನ್ ಮಾಡಿಕೊಟ್ಟ ಮದುವೆ ಡಿಸ್ಕಿನಲ್ಲಿ ತಗ್ಗು ಇಲ್ಲ, ಬಣ್ಣದ ಒಂದು ತೆಳುವಾದ ಪದರ ಇದೆ. ಲೇಸರ್ ಆ ಬಣ್ಣವನ್ನ ಅಲ್ಲಲ್ಲಿ ಸುಟ್ಟು ಬರೆದಿರುತ್ತೆ. ಬಿಸಿಲು, ಸೆಕೆ, ತೇವ ಬಿದ್ದರೆ ಬಣ್ಣ ಮಾಸುತ್ತೆ, ಬರೆದದ್ದಕ್ಕೂ ಬರೆಯದ ಜಾಗಕ್ಕೂ ವ್ಯತ್ಯಾಸ ಕಮ್ಮಿ ಆಗ್ತಾ ಹೋಗುತ್ತೆ. ಬಳ್ಳಾರಿ ಜಿಲ್ಲೆಯ ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಟ್ರಂಕು, ಅದೂ ಅಟ್ಟದ ಮೇಲೆ ಅಂದರೆ ಒಳಗಿನ ಶಾಖ ಎಷ್ಟಿರುತ್ತೆ ನೀವೇ ಊಹಿಸಿ. ಅಂದರೆ ಬೇಗ ಸಾಯೋದು ಮದುವೆ ಡಿಸ್ಕೇ. ಸಿನಿಮಾದ ಇನ್ನೊಂದು ಪ್ರತಿ ಎಲ್ಲೋ ಒಂದು ಕಡೆ ಸಿಕ್ಕೀತು. ಮದುವೆಯದ್ದು? ಶೂಟ್ ಮಾಡಿದ ಸ್ಟುಡಿಯೋದಲ್ಲಿ ವಿಚಾರಿಸಿದ್ರೆ ಆ ಕಾಲದ ಟೇಪುಗಳ ಮೇಲೆ ಆವಾಗಲೇ ಬೇರೆ ಮದುವೆ ರೆಕಾರ್ಡ್ ಆಗಿ ಹೋಗಿದೆ ಅಂದ್ರು. ಎಲ್ಲ ಊರಲ್ಲೂ ಹಾಗೇ ಮಾಡ್ತಿದ್ರು, ತಪ್ಪು ಅನ್ನೋಕಾಗಲ್ಲ.

ಕೆಂಪು ಧೂಳು, ಮೊದಲು ನೀರು

ಸಂಡೂರಿನ ಡಿಸ್ಕುಗಳಿಗೆ ಒಂದು ವಿಶೇಷ ತೊಂದರೆ ಇದೆ. ಅದಿರಿನ ಲಾರಿಗಳ ಊರು, ಎಲ್ಲದರ ಮೇಲೂ ಕೆಂಪು ಧೂಳು. ಡಿಸ್ಕ್ ಕೈಗೆ ಸಿಕ್ಕ ತಕ್ಷಣ ನಾವೆಲ್ಲ ಮಾಡೋದೇನು? ಅಂಗಿಯ ತುದಿಯಲ್ಲಿ ಗಸಗಸ ಉಜ್ಜೋದು. ಈ ಧೂಳಿನಲ್ಲಿರೋದು ಹೆಮಟೈಟ್, ಮೋಸ್ ಗಡಸುತನದಲ್ಲಿ 5.5ರಿಂದ 6.5. ಅದರ ಮುಂದೆ ಪಾಲಿಕಾರ್ಬೊನೇಟ್ ಬೆಣ್ಣೆ ಇದ್ದಂಗೆ. ಉಜ್ಜಿದರೆ ಸ್ಯಾಂಡ್ ಪೇಪರ್ ಹಾಕಿದಂತೆಯೇ. ಮೊದಲು ನಲ್ಲಿಯ ಕೆಳಗೆ ಹಿಡಿದು ಧೂಳು ಕೊಚ್ಚಿ ಹೋಗಲಿ ಬಿಡಿ, ಬೇಕಾದರೆ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್. ಆಮೇಲೆ ಮೆತ್ತನೆ ಹತ್ತಿ ಬಟ್ಟೆಯಲ್ಲಿ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತು ಹಾಕಿ ಒರೆಸಬೇಡಿ. ಡೇಟಾ ಇರೋದು ಸುರುಳಿಯಾಗಿ. ಅಡ್ಡಗೀರು ಬಿದ್ದರೆ ಒಂದೊಂದು ಸುತ್ತಿನಲ್ಲಿ ಚೂರೇ ಚೂರು ಹೋಗುತ್ತೆ, ಅದನ್ನ ಎರರ್ ಕರೆಕ್ಷನ್ ಸರಿಪಡಿಸಿಕೊಳ್ಳುತ್ತೆ. ಸುರುಳಿಯ ಜೊತೆಗೇ ಗೀರು ಬಿದ್ದರೆ ಸಾಲುಸಾಲಾಗಿ ಹೋಗುತ್ತೆ, ಆಗ ಅದರ ಕೈಯಲ್ಲಿ ಆಗಲ್ಲ. ಟೂತ್‌ಪೇಸ್ಟ್ ಹಚ್ಚೋ ವಿದ್ಯೆಯನ್ನ ದಯವಿಟ್ಟು ಮರೆತುಬಿಡಿ.

ಇನ್ನೊಂದು ವಿಷಯ ನಮಗೂ ಗೊತ್ತಿರಲಿಲ್ಲ. ಸಿಡಿಯಲ್ಲಿ ಹೊಳೆಯೋ ಪದರ ಇರೋದು ಹೆಸರು ಬರೆಯೋ ಬದಿಯಲ್ಲಿ, ಬರೀ ಒಂದು ಲ್ಯಾಕರ್ ಪೊರೆಯ ಕೆಳಗೆ. ಕೆಳಬದಿಯ ಗೀರಿಗಿಂತ ಮೇಲಿನ ಗೀರೇ ಅಪಾಯ. ಡಿವಿಡಿಯಲ್ಲಿ ಅದು 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುತ್ತೆ, ಸ್ವಲ್ಪ ಭದ್ರ. ಬಲ್ಬಿಗೆ ಹಿಡಿದು ನೋಡಿ: ವಿಸಿಡಿಯಲ್ಲಿ ಸೂಜಿಮೊನೆಯಂಥ ಬೆಳಕಿನ ಚುಕ್ಕಿ ಕಂಡರೆ ಆ ಜಾಗದ ಹೊಳೆಯೋ ಪದರ ಹೋದಂತೆಯೇ.

ಡ್ರೈವ್ ಎಲ್ಲಿಂದ ತರೋದು? ಈಗಿನ ಲ್ಯಾಪ್‌ಟಾಪಿಗೆ ಡಿವಿಡಿ ಡ್ರೈವೇ ಬರಲ್ಲ. ಯುಎಸ್‌ಬಿ ಡಿವಿಡಿ ರೈಟರ್ ಒಂದನ್ನ ನಾವು ಹೊಸಪೇಟೆಯಲ್ಲಿ ಕೊಂಡ್ವಿ, ಇನ್ನೊಂದನ್ನ ಗೆಳೆಯನ ಮನೆಯ ಹಳೇ ಡೆಸ್ಕ್‌ಟಾಪಿನಿಂದ ಬಿಚ್ಚಿದ್ವಿ. ಬಿಚ್ಚಿದ ಡ್ರೈವಿಗೆ ಸಾಟಾದಿಂದ ಯುಎಸ್‌ಬಿಗೆ ಹೋಗೋ ಕನ್ವರ್ಟರ್ ಬೇಕು, ಅದೂ 12 ವೋಲ್ಟ್ ಅಡಾಪ್ಟರ್ ಜೊತೆ ಬರೋದು. ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕಿಗೆ ಹಾಕೋ ಬರೀ ವೈರಿನ ಕನ್ವರ್ಟರ್ ತಂದು ಒಂದು ಸಂಜೆ ಹಾಳು ಮಾಡಿಕೊಂಡ್ವಿ. ಎರಡು ಡ್ರೈವ್ ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ವಿಸಿಡಿಯ 276 ಬೈಟು

ವಿಸಿಡಿಯನ್ನ ಕಂಪ್ಯೂಟರಿಗೆ ಹಾಕಿ ತೆರೆದರೆ ಎಂಪಿಇಜಿಎವಿ ಅನ್ನೋ ಫೋಲ್ಡರು, ಅದರೊಳಗೆ ಡ್ಯಾಟ್ ಫೈಲು. 700 ಎಂಬಿ ಡಿಸ್ಕಿನಲ್ಲಿ 800 ಎಂಬಿಯ ಫೈಲ್! ಇದು ಹೇಗೆ ಅಂತ ಲೆಕ್ಕ ಹಾಕೋಕೆ ಕೂತ್ವಿ. ಸಿಡಿಯಲ್ಲಿ ಸೆಕೆಂಡಿಗೆ 75 ಸೆಕ್ಟರ್, 80 ನಿಮಿಷಕ್ಕೆ 3,60,000 ಸೆಕ್ಟರ್. ಮಾಮೂಲಿ ಡೇಟಾ ಸಿಡಿಯಲ್ಲಿ ಒಂದು ಸೆಕ್ಟರಿಗೆ 2048 ಬೈಟ್ ನಮ್ಮದು, ಗುಣಿಸಿದರೆ ಬರೋದೇ ಆ 700 ಎಂಬಿ. ಪಕ್ಕದಲ್ಲಿ 276 ಬೈಟ್ ಹೆಚ್ಚುವರಿ ಎರರ್ ಕರೆಕ್ಷನ್‌ಗೆ ಮೀಸಲು. ವಿಸಿಡಿ ಮಾಡಿದವರು ಆ 276 ಬೈಟನ್ನೂ ವಿಡಿಯೋಗೇ ಕೊಟ್ಟುಬಿಟ್ಟರು. ಸೆಕ್ಟರಿಗೆ 2324 ಬೈಟ್ ಆಯ್ತು. ಚಿತ್ರದಲ್ಲಿ ಒಂದು ಕ್ಷಣ ಚೌಕಚೌಕ ಬಂದರೆ ಯಾರೂ ಸಾಯಲ್ಲ ಅನ್ನೋ ಲೆಕ್ಕ. ಪರಿಣಾಮ ಏನು ಅಂದ್ರೆ, ಗೀರು ಬಿದ್ದ ವಿಸಿಡಿಯನ್ನ ಎಳೆದು ಪೇಸ್ಟ್ ಮಾಡಿದರೆ ವಿಂಡೋಸ್ ಅರ್ಧದಲ್ಲಿ ಎರರ್ ಕೊಟ್ಟು ಕೈ ಎತ್ತುತ್ತೆ. ಅದೇ ಡಿಸ್ಕು ಹಳೇ ಪ್ಲೇಯರಿನಲ್ಲಿ ಹೇಗೋ ಕುಂಟುತ್ತಾ ಓಡಿರುತ್ತೆ.

ಹಾಗಾಗಿ ಎಳೆದು ಹಾಕಬೇಡಿ. ಲಿನಕ್ಸಿನಲ್ಲಿ ವಿಸಿಡಿಇಮೇಜರ್ ಅನ್ನೋ ಪ್ಯಾಕೇಜಿನ ಜೊತೆ ವಿಸಿಡಿಎಕ್ಸ್‌ರಿಪ್ ಬರುತ್ತೆ, ವಿಂಡೋಸಿನಲ್ಲಿ ಐಸೋಬಸ್ಟರ್ ಇದೆ. ಎರಡೂ ಸೆಕ್ಟರ್ ಲೆಕ್ಕದಲ್ಲಿ ಓದಿ ನೇರ ಎಂಪೆಗ್ ಫೈಲ್ ಕೊಡ್ತವೆ. ನಮ್ಮ 58ರಲ್ಲಿ ಒಂದೊಂದಕ್ಕೆ ಹಿಡಿದದ್ದು ಕೆಲವೇ ನಿಮಿಷ. ಎರಡೂವರೆ ತಾಸಿನ ಕನ್ನಡ ಸಿನಿಮಾ ಎರಡು-ಮೂರು ಡಿಸ್ಕಿನಲ್ಲಿ ಹಂಚಿ ಹೋಗಿರುತ್ತೆ, ಅವನ್ನ ಒಂದೇ ಫೋಲ್ಡರಿನಲ್ಲಿ ಒಂದು, ಎರಡು ಅಂತ ಇಡಿ, ಸಾಕು.

ಒಂದು ಎಚ್ಚರಿಕೆ. 352×288 ಅಂದರೆ ಸುಮಾರು ಒಂದು ಲಕ್ಷ ಪಿಕ್ಸೆಲ್, ನಿಮ್ಮ ಫುಲ್ ಎಚ್‌ಡಿ ಟಿವಿಯಲ್ಲಿರೋದು ಸುಮಾರು 20.7 ಲಕ್ಷ. ಇಪ್ಪತ್ತರಲ್ಲಿ ಒಂದು ಪಾಲು ಚಿತ್ರವನ್ನ ದೊಡ್ಡದು ಮಾಡಿ ಸೇವ್ ಮಾಡಿದರೆ ಫೈಲ್ ದಪ್ಪ ಆಗುತ್ತೆ, ಮುಖ ಸ್ಪಷ್ಟ ಆಗಲ್ಲ. ಇದ್ದದ್ದು ಇದ್ದ ಹಾಗೇ ಇರಲಿ, ಹಿಗ್ಗಿಸೋ ಕೆಲಸ ಟಿವಿ ಮಾಡಿಕೊಳ್ಳುತ್ತೆ.

ಡಿವಿಡಿ, ಮತ್ತು ನಿಂತುಹೋದ 41ನೇ ನಿಮಿಷ

ಡಿವಿಡಿಯ ಸಿನಿಮಾ ಇರೋದು ವಿಡಿಯೋ-ಟಿಎಸ್ ಫೋಲ್ಡರಿನಲ್ಲಿ, ಒಂದೊಂದು ಜಿಬಿಯ ವಿಒಬಿ ತುಂಡುಗಳಾಗಿ. ಇಲ್ಲಿ ನಮ್ಮವರು ಎಡವೋದು ಒಂದೇ ಕಡೆ: ಮೊದಲೇ ಕುಗ್ಗಿಸೋದು. ನಮ್ಮಲ್ಲೊಬ್ಬ ಪಿಯುಸಿಯಲ್ಲಿದ್ದಾಗ ತನ್ನ ಅಕ್ಕನ ಮದುವೆ ಡಿವಿಡಿಯನ್ನ ಮೊಬೈಲಿಗೆ ಹಿಡಿಸೋಕೆ 300 ಎಂಬಿ ಮಾಡಿ, ಡಿಸ್ಕ್ ಇನ್ಯಾಕೆ ಅಂತ ಎಸೆದ. ಇವತ್ತು ಆ ಫೈಲನ್ನ ಟಿವಿಯಲ್ಲಿ ಹಾಕಿದರೆ ಮದುಮಗಳ ಮುಖ ಕೇಸರಿಬಾತಿನ ಹಾಗೆ ಕಾಣುತ್ತೆ. ಅಕ್ಕ ಇನ್ನೂ ಕ್ಷಮಿಸಿಲ್ಲ.

ಜಾಗದ ಚಿಂತೆ ಬೇಡ ಅಂತ ಲೆಕ್ಕವೇ ಹೇಳುತ್ತೆ. ನಮ್ಮ 58 ವಿಸಿಡಿ ಒಂದೊಂದು 750 ಎಂಬಿ ಅಂತ ಹಿಡಿದರೂ 44 ಜಿಬಿ ಒಳಗೆ. 38 ಡಿವಿಡಿ, ಎಲ್ಲ ಸಿಂಗಲ್ ಲೇಯರ್, ತುಂಬಿ ತುಳುಕಿದರೂ 170 ಜಿಬಿ ಆಸುಪಾಸು. ಒಟ್ಟು ಒಂದು ಟಿಬಿ ಹಾರ್ಡ್‌ಡಿಸ್ಕಿನ ಕಾಲು ಭಾಗವೂ ಆಗಲ್ಲ. ಆದ್ದರಿಂದ ಮೊದಲು ಇಡೀ ಡಿಸ್ಕಿನ ಐಎಸ್ಒ ಇಮೇಜ್ ತೆಗೀರಿ. ಅದು ಅಸಲು, ಅದನ್ನ ಮುಟ್ಟಬಾರದು. ನೋಡೋದಕ್ಕೆ ಬೇರೆ ಪ್ರತಿ ಆಮೇಲೆ ಮಾಡಿಕೊಳ್ಳಿ.

ಅತ್ತೆಯ ಮದುವೆಯ ಡಿವಿಡಿ ಹಾಕಿದಾಗ 41ನೇ ನಿಮಿಷದ ಹತ್ತಿರ ಡ್ರೈವು ಕರಕರ ಅಂತು, ನಿಂತಿತು. ಅರಿಶಿಣದ ಕಾರ್ಯ ಶುರುವಾಗಿ ಐದು ನಿಮಿಷಕ್ಕೆ. ಅಪ್ಪ ಬಾಗಿಲಲ್ಲಿ ನಿಂತು ನೋಡ್ತಾನೇ ಇದ್ರು, ಏನೂ ಅನ್ನಲಿಲ್ಲ. ನಾವೂ ಅನ್ನಲಿಲ್ಲ.

ಇಂಥ ಡಿಸ್ಕಿಗೆ ಗ್ನು ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ ಇದೆ, ಉಚಿತ. ಮಾಮೂಲಿ ಕಾಪಿ ಮಾಡೋ ಪ್ರೋಗ್ರಾಂ ಕೆಟ್ಟ ಜಾಗ ಸಿಕ್ಕ ಕೂಡಲೇ ಅಲ್ಲೇ ತಲೆ ಚಚ್ಚಿಕೊಳ್ಳುತ್ತೆ. ಇದು ಹಾಗಲ್ಲ. ಕೆಟ್ಟ ಜಾಗವನ್ನ ಹಾರಿಕೊಂಡು ಮುಂದೆ ಹೋಗಿ ಚೆನ್ನಾಗಿರೋದನ್ನೆಲ್ಲ ಮೊದಲು ಬಾಚಿಕೊಳ್ಳುತ್ತೆ, ಆಮೇಲೆ ವಾಪಸ್ ಬಂದು ಉಳಿದ ಜಾಗಗಳ ಅಂಚನ್ನ ಕೆರೆಯುತ್ತೆ. ಎಷ್ಟು ಬಂತು, ಎಷ್ಟು ಬಾಕಿ ಅನ್ನೋದನ್ನ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತೆ. ಅಸಲಿ ಮಜಾ ಇರೋದು ಆ ಫೈಲಿನಲ್ಲೇ. ಕರೆಂಟ್ ಹೋದರೂ ಮತ್ತೆ ಅಲ್ಲಿಂದಲೇ ಶುರು ಮಾಡಬಹುದು. ಡಿಸ್ಕನ್ನ ಇನ್ನೊಂದು ಡ್ರೈವಿಗೆ ಹಾಕಿ ಅದೇ ಮ್ಯಾಪ್ ಕೊಟ್ಟರೆ ಮೊದಲ ಡ್ರೈವ್ ಬಿಟ್ಟ ಜಾಗಗಳನ್ನ ಮಾತ್ರ ಇದು ಓದೋಕೆ ನೋಡುತ್ತೆ. ಒಂದೊಂದು ಡ್ರೈವಿನ ಲೇಸರ್, ಲೆನ್ಸು ಬೇರೆ, ಒಂದಕ್ಕೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತೆ. ವಿಸಿಡಿಗೆ ಮಾತ್ರ ಇದು ಬೇಡ. ಅದರ 2324 ಬೈಟಿನ ಸೆಕ್ಟರು ಇದಕ್ಕೆ ಒಗ್ಗಲ್ಲ.

ಹೊಸ ಯುಎಸ್‌ಬಿ ಡ್ರೈವ್ ರಾತ್ರಿಯೆಲ್ಲ ಓಡಿ ಸೋತಿತು. ಬೆಳಿಗ್ಗೆ ಹಳೇ ಡೆಸ್ಕ್‌ಟಾಪಿನ ಡ್ರೈವಿಗೆ ಹಾಕಿದ್ವಿ. ಮಧ್ಯಾಹ್ನದ ಹೊತ್ತಿಗೆ ಬಾಕಿ ಉಳಿದದ್ದು 208 ಸೆಕ್ಟರ್. ಡಿವಿಡಿಯಲ್ಲಿ ಎರರ್ ಕರೆಕ್ಷನ್ ನಡೆಯೋದು 16 ಸೆಕ್ಟರಿನ ಕಟ್ಟುಗಳಲ್ಲಿ, ಅಂದರೆ ಹೋದದ್ದು 13 ಕಟ್ಟು, ಸುಮಾರು 426 ಕೆಬಿ. ಇಡೀ ಡಿಸ್ಕಿಗೆ ಹೋಲಿಸಿದರೆ ಏನೂ ಅಲ್ಲ. ಆದರೆ ಒಂದು ಕಟ್ಟು ಹೋದರೆ ಆ ಗುಂಪಿನ ಮುಂದಿನ ಫ್ರೇಮುಗಳೂ ಕೆಡ್ತವೆ, ಮುಂದಿನ ಪೂರ್ತಿ ಚಿತ್ರ ಬರೋವರೆಗೆ ಅರ್ಧ ಸೆಕೆಂಡಿನಷ್ಟು ಕಲಸುಮೇಲೋಗರ. ಅಜ್ಜಿಯ ಹಾಡಿನ ನಡುವೆ ಎರಡು ಕಡೆ ಚಿತ್ರ ಚೌಕಚೌಕ ಆಗುತ್ತೆ, ಒಂದು ಕಡೆ ದನಿ ತುಂಡಾಗುತ್ತೆ. ಉಳಿದದ್ದು ಪೂರ್ತಿ ಇದೆ.

ಟಿವಿಗೆ

ನೋಡೋ ಪ್ರತಿ ಮಾಡೋದು ಸುಲಭ. ಮೇಕ್‌ಎಂಕೆವಿ ಡಿವಿಡಿಯ ತುಂಡುಗಳನ್ನ ಕುಗ್ಗಿಸದೆ ಒಂದೇ ಫೈಲಾಗಿ ಜೋಡಿಸುತ್ತೆ. ಟಿವಿ ಅದನ್ನೇ ಓಡಿಸಿದರೆ ಅಲ್ಲಿಗೆ ಮುಗೀತು. ಇಲ್ಲದಿದ್ದರೆ ಹ್ಯಾಂಡ್‌ಬ್ರೇಕಿಗೆ ಕೊಟ್ಟು ಎಚ್.264 ವಿಡಿಯೋ, ಎಎಸಿ ಆಡಿಯೋ ಇರೋ ಎಂಪಿ4 ಮಾಡಿ, ಕ್ವಾಲಿಟಿ 18ರಿಂದ 20ರ ನಡುವೆ ಇಡಿ. ಮದುವೆ ವಿಡಿಯೋಗೆ ಒಂದು ಸೆಟ್ಟಿಂಗ್ ಮರೀಬೇಡಿ. ಅದು ಸೆಕೆಂಡಿಗೆ 50 ಅರ್ಧಚಿತ್ರಗಳಾಗಿ ಶೂಟ್ ಆಗಿರುತ್ತೆ, ಹಳೇ ಡಬ್ಬಾ ಟಿವಿಗೆ ಅದು ಸರಿ. ಈಗಿನ ಟಿವಿಯಲ್ಲಿ ಯಾರಾದರೂ ಕೈ ಬೀಸಿದರೆ ಅಂಚು ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತೆ. ಡೀಇಂಟರ್‌ಲೇಸ್‌ನಲ್ಲಿ ಬಾಬ್ ಆರಿಸಿದರೆ 50 ಪೂರ್ತಿ ಫ್ರೇಮ್ ಆಗಿ ಬರುತ್ತೆ, ಬ್ಯಾಂಡಿನ ಮುಂದೆ ಕುಣಿದ ಮಾವಂದಿರು ನುಣುಪಾಗಿ ಕುಣೀತಾರೆ. ಸಿನಿಮಾ ಡಿಸ್ಕಿಗೆ ಸಾಮಾನ್ಯವಾಗಿ ಇದು ಬೇಕಾಗಲ್ಲ. ಒಂದೇ ಡಿವಿಡಿಯಲ್ಲಿ ಮೂರು ಸಿನಿಮಾ ತುರುಕಿದ ಡಿಸ್ಕುಗಳಿಂದ ಮಾತ್ರ ಏನೂ ನಿರೀಕ್ಷಿಸಬೇಡಿ, ಅಲ್ಲಿ ಮೊದಲೇ ಹಿಂಡಿ ಹಿಪ್ಪೆ ಮಾಡಿರ್ತಾರೆ.

ಪೆನ್‌ಡ್ರೈವಿನಲ್ಲಿ ಹಾಕೋದಾದರೆ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸಲ್ಲ, ಎಕ್ಸ್‌ಫ್ಯಾಟ್ ಮಾಡಿ. ನಾವು ಮಾಡಿದ್ದು ಬೇರೆ. ಮನೆಯಲ್ಲಿದ್ದ, ಸ್ಕ್ರೀನ್ ಒಡೆದ ಲ್ಯಾಪ್‌ಟಾಪಿಗೆ ಜೆಲ್ಲಿಫಿನ್ ಹಾಕಿದ್ವಿ. ಮುಕ್ತ ತಂತ್ರಾಂಶ, ಟಿವಿಯಲ್ಲಿ ಅದರ ಆ್ಯಪ್ ಹಾಕಿದರೆ ಪೋಸ್ಟರ್ ಸಮೇತ ಸಾಲಾಗಿ ಬರುತ್ತೆ. ಇಂಟರ್ನೆಟ್ ಇಲ್ಲದಿದ್ದರೂ ಮನೆಯ ವೈಫೈ ಸಾಕು. ಹಳೇ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್ ಆದದ್ದು ಬೋನಸ್.

ಕನ್ನಡ ಸಂಘದವರಾಗಿ ಫೈಲುಗಳ ಹೆಸರನ್ನ ಕನ್ನಡದಲ್ಲೇ ಬರೆದ್ವಿ. ಜೆಲ್ಲಿಫಿನ್‌ನಲ್ಲಿ ಚೆಂದ ಬಂತು. ಪೆನ್‌ಡ್ರೈವ್ ಚುಚ್ಚಿ ಟಿವಿಯ ಸ್ವಂತ ಪ್ಲೇಯರಿನಲ್ಲಿ ನೋಡಿದಾಗ ಒತ್ತಕ್ಷರವೆಲ್ಲ ಬಿಡಿಬಿಡಿ! "ಚಿಕ್ಕಪ್ಪ" ಓದೋಕೆ ಆಗದ ಹಾಗೆ. ಲಕ್ಷ ರೂಪಾಯಿಯ ಟಿವಿಗಳಲ್ಲೂ ಇದೇ ಕಥೆಯೋ ಏನೋ, ನಿಮ್ಮ ಮನೆಯಲ್ಲಿ ನೋಡಿ ಹೇಳಿ. ಹಳೇ ಕನ್ನಡ ಸಿನಿಮಾಗಳ ಮಾಹಿತಿಯನ್ನ ಜೆಲ್ಲಿಫಿನ್ ತರೋದು ಟಿಎಂಡಿಬಿ ಅನ್ನೋ, ಯಾರು ಬೇಕಾದರೂ ತುಂಬಬಹುದಾದ ಡೇಟಾಬೇಸಿನಿಂದ. ನಮ್ಮ ಸಿನಿಮಾಗಳಲ್ಲಿ ಕೆಲವಕ್ಕೆ ಅಲ್ಲಿ ಪೋಸ್ಟರೂ ಇರಲಿಲ್ಲ. ಡಿಸ್ಕಿನ ಕವರ್ ಕೈಯಲ್ಲಿದ್ದವರು ವರ್ಷ, ನಿರ್ದೇಶಕ, ನಟರ ಹೆಸರು ತುಂಬಿದರೆ ಮುಂದಿನವರಿಗೆ ಅನುಕೂಲ.

ಕಾನೂನಿನ ಮಾತೂ ಇದೆ, ಹಾಸ್ಟೆಲ್ಲಿನವರು ಓದಲೇಬೇಕು. ನಮ್ಮ ಕಾಪಿರೈಟ್ ಕಾಯಿದೆಯ 52ನೇ ಸೆಕ್ಷನ್ನು ಖಾಸಗಿ, ವೈಯಕ್ತಿಕ ಬಳಕೆಗೆ ನ್ಯಾಯವಾದ ಮಟ್ಟಿಗೆ ಅವಕಾಶ ಕೊಡುತ್ತೆ. ಕೆಲವು ಸಿನಿಮಾ ಡಿವಿಡಿಗಳಿಗೆ ಬೀಗ ಇರುತ್ತೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಸೆಕ್ಷನ್ ಪ್ರಕಾರ ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಆ ಬೀಗ ಮುರಿಯೋದು ಅಪರಾಧ. ನಾವು ಕೊಂಡ ಡಿಸ್ಕನ್ನ ನಮ್ಮ ಮನೆಯ ಟಿವಿಯಲ್ಲಿ ನೋಡೋದು ಒಂದು. ಅದನ್ನ ಹಾಸ್ಟೆಲ್ ಲ್ಯಾನಿಗೆ ಬಿಟ್ಟು ನಾನೂರು ಜನಕ್ಕೆ ಹಂಚೋದು ಪೂರ್ತಿ ಬೇರೆ, ಅದನ್ನ ಯಾವ ವಕೀಲನೂ ವೈಯಕ್ತಿಕ ಬಳಕೆ ಅಂತ ವಾದಿಸಲಾರ. ಮದುವೆ ಡಿಸ್ಕುಗಳಿಗೆ ಬೀಗವೂ ಇಲ್ಲ, ಈ ತಲೆನೋವೂ ಇಲ್ಲ.

ಎಲ್ಲ ಮುಗಿದ ಮೇಲೆ ಅಸಲು ಪ್ರತಿಗಳಿಗೆ ಚೆಕ್‌ಸಮ್ ತೆಗೆದು ಎರಡು ಹಾರ್ಡ್‌ಡಿಸ್ಕಿಗೆ ಹಾಕಿದ್ವಿ. ಒಂದು ಸಂಡೂರಿನಲ್ಲಿ, ಇನ್ನೊಂದು ಅತ್ತೆಯ ಮನೆಗೆ ಹೋಯ್ತು. ಒಂದೇ ಹಾರ್ಡ್‌ಡಿಸ್ಕ್ ನಂಬಿ ಡಿಸ್ಕುಗಳನ್ನ ಎಸೆಯಬೇಡಿ. ಅದು ಕೈಜಾರಿ ಬಿದ್ದರೆ 96ಕ್ಕೆ 96ನ್ನೂ ಒಂದೇ ಸಲ ಕಳಕೊಳ್ತೀರಿ. ಟ್ರಂಕು ಈಗ ಅಟ್ಟದಲ್ಲಿಲ್ಲ, ಕೆಳಗೆ ದೇವರ ಕೋಣೆಯ ಪಕ್ಕದ ತಂಪಾದ ಕಪಾಟಿನಲ್ಲಿದೆ.

ಹೊರಡೋ ಹಿಂದಿನ ರಾತ್ರಿ ಟಿವಿಯಲ್ಲಿ ಮಾನಸ ಸರೋವರ ಹಚ್ಚೋಣ ಅಂದ್ವಿ. ಅಪ್ಪ ರಿಮೋಟ್ ಇಸಕೊಂಡು, "ಅದು ಇರ್ಲಿ ತಡೀರಿ, ಮೊದ್ಲು ಅರಿಶಿಣದ್ದು ಹಚ್ಚೋಣು" ಅಂದ್ರು. ದನಿ ತುಂಡಾದ ಕಡೆ ಆ ಸಾಲನ್ನ ಅವರೇ ಹಾಡಿದರು.

ಎರಡು ಡ್ರೈವು, ಆ 12 ವೋಲ್ಟ್ ಕನ್ವರ್ಟರ್ ಸದ್ಯ ಸಂಘದ ರೂಮಿನ ಬೀರುವಿನಲ್ಲಿವೆ. ದೀಪಾವಳಿಗೆ ಊರಿಗೆ ಹೋಗೋರು ರಿಜಿಸ್ಟರಿನಲ್ಲಿ ಹೆಸರು ಬರೆದು ತಗೊಂಡು ಹೋಗಬಹುದು. ಹಬ್ಬ ಮುಗಿದ ವಾರದಲ್ಲಿ ವಾಪಸ್ ಕೊಡಿ, ಹಳೇ ಡ್ರೈವಿನ ಟ್ರೇ ಸ್ವಲ್ಪ ಸಿಕ್ಕಿಹಾಕಿಕೊಳ್ಳುತ್ತೆ, ಮೆಲ್ಲಗೆ ಎಳೀರಿ.